ಹತ್ತಿ ಎಳೆದ ಗೆರೆ, ಸಭೆ ಕಾದ ಕಾಲ

ಸಭೆಯ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಪ್ರೊಟೆಸ್ಟಂಟ್ ಕ್ರೈಸ್ತರು ಮುಖ್ಯವಾಗಿ ಮೂರು ಬಗೆಯ ಉತ್ತರ ಕಂಡುಕೊಂಡಿದ್ದಾರೆ. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಪರಂಪರೆಯೆಂದು ನಂಬಲಾದ ಬಿಷಪ್ ಪದವಿಯ ಅಡಿಯಲ್ಲಿ ಸಭೆಗಳೆಲ್ಲ ನಡೆಯಬೇಕೆಂಬುದು ಆಂಗ್ಲಿಕನ್ ಪದ್ಧತಿ. ಪ್ರತಿ ಊರಿನ ಸಭೆಯೂ ತನ್ನಷ್ಟಕ್ಕೆ ಪೂರ್ಣ, ಮೇಲಿನವರು ಯಾರೂ ಬೇಡ ಎಂಬುದು ಕಾಂಗ್ರಿಗೇಷನಲ್ ಪದ್ಧತಿ. ದೀಕ್ಷೆ ಪಡೆದ ಸಭಾಪಾಲಕರೂ ಜನರೇ ಆರಿಸಿದ ಹಿರಿಯರೂ ಒಂದೇ ಮಂಡಲಿಯಲ್ಲಿ ಸಮಾನರಾಗಿ ಕುಳಿತು, ಊರ ಮಟ್ಟದಿಂದ ಪ್ರಾಂತದ ಮಟ್ಟದವರೆಗೆ ಹಂತಹಂತವಾಗಿ ತೀರ್ಮಾನ ಕೈಗೊಳ್ಳಬೇಕೆಂಬುದು ಪ್ರೆಸ್ಬಿಟೇರಿಯನ್ ಪದ್ಧತಿ. ಜಿನೀವಾದ ಜಾನ್ ಕ್ಯಾಲ್ವಿನ್ ರೂಪಿಸಿದ, ಜಾನ್ ನಾಕ್ಸ್ ಸ್ಕಾಟ್ಲೆಂಡಿನಲ್ಲಿ ನೆಲೆಗೊಳಿಸಿದ ಈ ಮೂರನೆಯ ವ್ಯವಸ್ಥೆಯಲ್ಲಿ ಒಬ್ಬನ ಮಾತಿಗಿಂತ ಮಂಡಲಿಯ ಮಾತು ದೊಡ್ಡದು, ಹೀಗಾಗಿ ಭಿನ್ನಾಭಿಪ್ರಾಯವೆಂಬುದು ಅಲ್ಲಿ ಆಕಸ್ಮಿಕವಲ್ಲ. ಕೂಡಿ ವಿಚಾರಿಸುವವರ ನಡುವೆ ಅದು ಹುಟ್ಟಲೇಬೇಕು.

ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯಲ್ಲಿ ಕ್ರೈಸ್ತರೆಂದರೆ ಬಹುಪಾಲು ಕೊಂಕಣಿ ಮಾತಾಡುವ ಕಥೋಲಿಕರು. ಪ್ರೆಸ್ಬಿಟೇರಿಯನ್ ಎಂಬ ಹೆಸರನ್ನು ಹೊತ್ತ ಸಭೆ ಅಲ್ಲಿ ಬೇರೂರಲಿಲ್ಲ. ಆದರೆ ಆ ಹೆಸರಿಲ್ಲದೆಯೂ ಆ ಪದ್ಧತಿಯ ಗಣನೀಯ ಅಂಶವನ್ನು ಕನ್ನಡ ನಾಡಿಗೆ ತಂದದ್ದು ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಗೆ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ ಭಕ್ತರೂ ಕ್ಯಾಲ್ವಿನ್ ಮತ್ತು ಜ್ವಿಂಗ್ಲಿಯ ಹಾದಿಯ ಸ್ವಿಸ್ ಸುಧಾರಿತ ಸಭೆಯವರೂ ಹೆಗಲು ಕೊಟ್ಟಿದ್ದರು. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೋ, ಅದು ಸ್ಮರಣೆಯ ಗುರುತು ಮಾತ್ರವೋ ಎಂಬ ವಾದದಲ್ಲಿ 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರನೂ ಜ್ವಿಂಗ್ಲಿಯೂ ಒಮ್ಮತಕ್ಕೆ ಬಾರದೆ ಬೇರ್ಪಟ್ಟಿದ್ದರು. ಅವರ ವಾರಸುದಾರರು ಮೂರು ಶತಮಾನಗಳ ನಂತರ ಆ ವಾದವನ್ನು ಬಗೆಹರಿಸದೆಯೇ ಒಂದೇ ಹಡಗನ್ನೇರಿ 1834ರಲ್ಲಿ ಮಲಬಾರಿನ ದಡಕ್ಕಿಳಿದು ಮಂಗಳೂರಿಗೆ ಬಂದರು. ಸಾಮ್ಯುಯೆಲ್ ಹೆಬಿಕ್, ಗ್ರೈನರ್, ಲೇನರ್ ಎಂಬ ಆ ಮೂವರ ಹಿಂದೆಯೇ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಮಂಗಳೂರಿನಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಹಬ್ಬಿದ ಕೆಲಸ ಅದೇ ಶತಮಾನದಲ್ಲಿ ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರದಲ್ಲೂ ಕಾರವಾರದಲ್ಲೂ ಠಾಣೆ ಕಂಡುಕೊಂಡಿತು. ಈ ಸಭೆಗಳಿಗೆ ಬಿಷಪ್ ಇರಲಿಲ್ಲ. ಸಭಾಪಾಲಕರ ಜೊತೆಗೆ ಊರಿನ ಹಿರಿಯರು ಮಂಡಲಿಯಲ್ಲಿ ಕುಳಿತು ಬಡವರ ನಿಧಿಯಿಂದ ಹಿಡಿದು ಶಿಸ್ತಿನ ಪ್ರಶ್ನೆಗಳವರೆಗೆ ವಿಚಾರಿಸುತ್ತಿದ್ದರು.

ಈ ಸಭೆಗಳ ಮುಂದಿನ ಹಣೆಬರಹವನ್ನು ಧರ್ಮಶಾಸ್ತ್ರಕ್ಕಿಂತ ಮೊದಲು ನಿರ್ಧರಿಸಿದ್ದು ಹತ್ತಿ. 1799ರಿಂದ ಮದರಾಸು ಪ್ರಾಂತದಲ್ಲಿದ್ದ ಕೆನರಾ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆದ ಮೇಲೆ, 1862ರಲ್ಲಿ ಕುಂದಾಪುರ ತಾಲೂಕನ್ನು ದಕ್ಷಿಣಕ್ಕೆ ಬಿಟ್ಟು ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತ್ತು. ಆ ಹತ್ತಿಗೆ ಕಾರವಾರದಲ್ಲಿ ಒಳ್ಳೆಯ ಬಂದರು ಬೇಕೆಂಬ ಮುಂಬಯಿ ಮತ್ತು ಮ್ಯಾಂಚೆಸ್ಟರ್ ವರ್ತಕರ ಒತ್ತಾಯ ಈ ವರ್ಗಾವಣೆಯ ಹಿಂದಿನ ದೊಡ್ಡ ಬಲವಾಗಿತ್ತು. ಹೀಗೆ ಆಗ ಹೊನ್ನಾವರ ತಾಲೂಕಿಗೆ ಸೇರಿದ ಪೇಟಾ ಆಗಿದ್ದ ಭಟ್ಕಳದ ತೆಂಕಣ ಅಂಚಿನಲ್ಲಿ, ಒಂದೇ ಮಣ್ಣು, ಒಂದೇ ಮಳೆ, ಒಂದೇ ಮೀನುಗಾರಿಕೆಯ ಊರುಗಳ ನಡುವೆ ಎರಡು ಪ್ರಾಂತಗಳ ಗಡಿ ಬಂದು ಕುಳಿತಿತು. ವರ್ತಕರಾಗಲಿ ಕಲೆಕ್ಟರರಾಗಲಿ ಸಭೆಗಳ ಬಗ್ಗೆ ಯೋಚಿಸಿದವರಲ್ಲ. ಆದರೂ ಅವರ ಗೆರೆ ಸಭೆಗಳ ಒಳಗೂ ಹಾದುಹೋಯಿತು. ಬಾಸೆಲ್ ಮಿಶನ್ನಿನ ಸಭೆಗಳು ಮುಂದೆ ಮಲಬಾರು, ದಕ್ಷಿಣ ಕನ್ನಡ, ಮುಂಬಯಿ ಕರ್ನಾಟಕ ಎಂಬ ಬೇರೆ ಬೇರೆ ಆಡಳಿತ ವಲಯಗಳಲ್ಲಿ ಬೆಳೆದವು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬಂಧಿಸಿ ದೇಶದಿಂದ ಹೊರಗೆ ಕಳಿಸಿದಾಗ, ಮಿಶನ್ನಿನ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಕೈಗೆ ಹೋಗಿ, ಸಭೆಗಳು ದಿಢೀರನೆ ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. ಮಲಬಾರಿನ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಯನ್ನು ಸೇರಿದವು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಒಂದಾಗಿ 1908ರಲ್ಲಿ ಕಟ್ಟಿಕೊಂಡಿದ್ದ ಒಕ್ಕೂಟವದು. ಅದೇ 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ, ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯನವರ ಮುಂದಾಳುತನದಲ್ಲಿ ಸೇರಿದ ಕೆಲವೇ ಸಭಾಸೇವಕರು ದಕ್ಷಿಣ ಭಾರತದ ಪ್ರೊಟೆಸ್ಟಂಟರೆಲ್ಲ ಒಂದಾಗಬೇಕೆಂದು ಕರೆ ಕೊಟ್ಟರು. ಯುರೋಪಿನ ಚರಿತ್ರೆಯಲ್ಲಿ ಹುಟ್ಟಿದ ಜಗಳಗಳನ್ನು ಭಾರತದ ಕ್ರೈಸ್ತರು ಯಾಕೆ ಹೊತ್ತು ತಿರುಗಬೇಕು ಎಂಬುದು ಅವರ ನೇರ ಪ್ರಶ್ನೆಯಾಗಿತ್ತು. ಆ ಕರೆ ಕೈಗೂಡಲು 28 ವರ್ಷ ಬೇಕಾದವು.

ಅಷ್ಟು ಕಾಲ ಹಿಡಿದದ್ದು ಬಿಷಪ್ ಪದವಿಯ ಪ್ರಶ್ನೆಗೆ. ಬಿಷಪ್ ಇಲ್ಲದಿದ್ದರೆ ಸಭೆಯೇ ಇಲ್ಲ, ಬಿಷಪ್ ಕೈಯಿಟ್ಟು ದೀಕ್ಷೆ ಕೊಡದವನು ನಡೆಸಿದ ಪ್ರಭುಭೋಜನಕ್ಕೆ ಸಿಂಧುತ್ವವಿಲ್ಲ ಎಂಬುದು ಆಂಗ್ಲಿಕನ್ನರಲ್ಲಿ ಒಂದು ಪಂಗಡದ ನಿಲುವು. ಬಿಷಪ್ ಇರುವುದು ಸಭೆಯ ಸುವ್ಯವಸ್ಥೆಗೆ ಒಳ್ಳೆಯದೇ ಹೊರತು ಸಭೆಯ ಜೀವ ಅದರಲ್ಲಿಲ್ಲ ಎಂಬುದು ಇನ್ನೊಂದು ಪಂಗಡದ ನಿಲುವು. ಹಿರಿಯರ ಮಂಡಲಿಗಳಲ್ಲಿ ಬೆಳೆದ ಸಭೆಗಳಿಗೆ ಮೊದಲನೆಯ ನಿಲುವನ್ನು ಒಪ್ಪುವುದೆಂದರೆ ತಮ್ಮ ತಂದೆತಾಯಿಗಳ ದೀಕ್ಷಾಸ್ನಾನ, ತಮ್ಮ ಸಭಾಪಾಲಕರ ಸೇವೆ, ತಾವು ಅಷ್ಟು ವರ್ಷ ಹಂಚಿಕೊಂಡ ರೊಟ್ಟಿ ಎಲ್ಲವೂ ಅರೆಬರೆಯಾಗಿತ್ತೆಂದು ಒಪ್ಪಿದಂತಾಗುತ್ತಿತ್ತು. ಇದನ್ನು ಬರಿಯ ಹಠವೆಂದು ತಳ್ಳಿಹಾಕುವುದು ಅನ್ಯಾಯ; ಒಂದು ಜನಸಮುದಾಯದ ಆತ್ಮಗೌರವ ಇಲ್ಲಿ ಧರ್ಮಶಾಸ್ತ್ರದ ಭಾಷೆಯಲ್ಲಿ ಮಾತಾಡುತ್ತಿತ್ತು.

ಕೊನೆಗೆ ಸಿಕ್ಕ ಪರಿಹಾರದ ವಿವರಗಳು ಗಮನಿಸತಕ್ಕವು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅಸ್ತಿತ್ವಕ್ಕೆ ಬಂದಾಗ, ಬಿಷಪ್ ಇಲ್ಲದ ಸಭೆಗಳಿಂದ ಬಂದ ಸಭಾಪಾಲಕರಲ್ಲಿ ಯಾರಿಗೂ ಎರಡನೆಯ ಸಲ ದೀಕ್ಷೆ ಕೊಡಲಿಲ್ಲ; ಅವರ ಹಿಂದಿನ ಸೇವೆ ಇದ್ದಂತೆಯೇ ಪೂರ್ಣವೆಂದು ಒಪ್ಪಲಾಯಿತು. ಅಲ್ಲಿಂದ ಮುಂದಿನ ದೀಕ್ಷೆಗಳು ಮಾತ್ರ ಬಿಷಪ್‌ರ ಕೈಯಿಂದ ಆಗತಕ್ಕದ್ದು ಎಂದಾಯಿತು. ಬಿಷಪ್ ಪದವಿಯನ್ನು ಸಭೆ ಸ್ವೀಕರಿಸಿತು, ಆದರೆ ಆ ಪದವಿಯ ಬಗ್ಗೆ ಇಂಥದೇ ಸಿದ್ಧಾಂತವನ್ನು ನಂಬಬೇಕೆಂದು ಯಾರಿಗೂ ವಿಧಿಸಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನಾಗಲಿ ಆರಾಧನಾ ಕ್ರಮವನ್ನಾಗಲಿ ಹೇರುವುದಿಲ್ಲವೆಂದು ಮಾತು ಕೊಟ್ಟು, ಎರಡು ಪರಂಪರೆಗಳು ಬೆರೆಯಲು 30 ವರ್ಷಗಳ ಅವಧಿಯನ್ನು ಮುಂದಿಟ್ಟುಕೊಳ್ಳಲಾಯಿತು. ಅಂದು ಹೊಸದಾಗಿ ಅಭಿಷಿಕ್ತರಾದ 9 ಬಿಷಪ್‌ರಲ್ಲಿ ಲೆಸ್ಲಿ ನ್ಯೂಬಿಗಿನ್ ಒಬ್ಬರು. ಸ್ಕಾಟ್ಲೆಂಡ್ ಸಭೆಯ ಪ್ರೆಸ್ಬಿಟೇರಿಯನ್ ಮಿಶನರಿಯಾಗಿ ಬಂದು, ತಮ್ಮ ಪೂರ್ವಿಕರು ಹೋರಾಡಿ ತೆಗೆದುಹಾಕಿದ್ದ ಪದವಿಯನ್ನು ಮಧುರೆ ಮತ್ತು ರಾಮನಾಡಿನ ಬಿಷಪ್ ಆಗಿ ಹೊತ್ತವರು. ಮೈಸೂರಿಗೆ ಪಿ. ಗುರುಶಾಂತ ಬಿಷಪ್ ಆದರು.

ಒಪ್ಪದವರು ಎರಡು ಕಡೆಯೂ ಇದ್ದರು. ಕನ್ನಡದ ನವ್ಯರಿಗೆ ಅತ್ಯಂತ ಪರಿಚಿತನಾದ ಕವಿ ಟಿ. ಎಸ್. ಎಲಿಯಟ್ 1943ರಲ್ಲೇ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಗೆ ಬರೆದು, ಕೂಡಿಸುವ ಹೆಸರಿನಲ್ಲಿ ಇದು ಸಭೆಯನ್ನು ಕೆಡಿಸುತ್ತದೆ ಎಂದು ವಾದಿಸಿದ್ದ. ನಂದ್ಯಾಲದ ಆಂಗ್ಲಿಕನ್ ಸಭೆಗಳ ದೊಡ್ಡ ಪಾಲು ಹೊರಗುಳಿಯಿತು. ಕನ್ನಡ ನಾಡಿನಲ್ಲಿ, ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳು ಒಕ್ಕೂಟಕ್ಕೆ ಸೇರಿದರೆ ಮುಂಬಯಿ ಕರ್ನಾಟಕದ ಸಭೆಗಳು ಸೇರಲಿಲ್ಲ. ಒಂದೇ ಮಿಶನ್ನಿನ ಮಕ್ಕಳು, ಒಂದೇ ಕನ್ನಡ ಸತ್ಯವೇದ, ಒಂದೇ ಸಂಗೀತ ಪುಸ್ತಕದ ರಾಗಗಳು; ಆದರೂ 1862ರ ಗೆರೆಯ ತೆಂಕಣದವರು ಹೊಸ ಸಭೆಯಲ್ಲಿದ್ದರು, ಬಡಗಣದವರು ಸಂಯುಕ್ತ ಬಾಸೆಲ್ ಮಿಶನ್ ಸಭೆಯ ಹಳೆಯ ಹೆಸರಿನಲ್ಲೇ ಉಳಿದರು. ಒಕ್ಕೂಟಕ್ಕೆ ಬಂದ ಆಂಗ್ಲಿಕನ್ ಡಯಾಸಿಸ್‌ಗಳ, ಅಂದರೆ ಬಿಷಪ್ ಆಡಳಿತದ ವಲಯಗಳ, ಪಟ್ಟಿಯಲ್ಲೂ ಮದರಾಸು, ದೋರ್ನಕಲ್, ತಿರುನೆಲ್ವೇಲಿ, ತಿರುವಾಂಕೂರುಗಳಿದ್ದವೇ ಹೊರತು ಮುಂಬಯಿ ಇರಲಿಲ್ಲ ಎಂಬುದನ್ನು ನೋಡಿದರೆ, ಸಿದ್ಧಾಂತದ ಭೇದ ಎಷ್ಟೋ ಸಲ ಆಡಳಿತದ ಗಡಿಯ ಪಕ್ಕದಲ್ಲೇ ಹರಿಯುತ್ತದೆ ಎಂಬ ಅನುಮಾನ ಬಲವಾಗುತ್ತದೆ.

ಈ ಕರಾವಳಿಗೆ ಅದು ಹೊಸ ಅನುಭವವೂ ಅಲ್ಲ. 17ನೇ ಶತಮಾನದಲ್ಲಿ ಕೆನರಾದ ಕಥೋಲಿಕರು ಗೋವೆಯ ಪೋರ್ಚುಗೀಸ್ ಆಶ್ರಯದ ಪದ್ರುವಾದೊ ಅಧಿಕಾರಕ್ಕೆ ಒಳಪಡಬೇಕೋ, ರೋಮಿನ ಪ್ರೊಪಗಾಂಡಾ ಮಂಡಲಿ ನೇರವಾಗಿ ಕಳಿಸಿದ ಬಿಷಪ್ ಥಾಮಸ್ ದೆ ಕಾಸ್ತ್ರೊ ಅವರಿಗೋ ಎಂಬ ತಕರಾರಿನಲ್ಲಿ ಸಿಲುಕಿದ್ದಾಗ, 1681ರಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಸೆಫ್ ವಾಜ್ ಜಗಳವನ್ನು ಬೆಳೆಸದೆ ಜನರ ಸೇವೆಗೆ ತೊಡಗಿದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಕ್ರೈಸ್ತರ ಆಚೆ ನೋಡಿದರೂ, ಸಾರಸ್ವತರಲ್ಲಿ ಒಂದು ಭಾಗ 1708ರಲ್ಲಿ ಗೋಕರ್ಣದಲ್ಲಿ ಆರಂಭವಾಗಿ ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ನೆಲೆಸಿದ ಚಿತ್ರಾಪುರ ಮಠದ ಸ್ಮಾರ್ತ ಗುರುಪರಂಪರೆಯನ್ನೂ ಇನ್ನೊಂದು ಭಾಗ ಮಾಧ್ವ ಮಠಗಳನ್ನೂ ಅನುಸರಿಸುತ್ತ, ಅದ್ವೈತ-ದ್ವೈತಗಳಷ್ಟು ದೂರದ ಸಿದ್ಧಾಂತಗಳನ್ನಿಟ್ಟುಕೊಂಡು ಅಕ್ಕಪಕ್ಕದ ಬೀದಿಗಳಲ್ಲಿ ಬಾಳಿದ್ದಾರೆ. ಭಿನ್ನಮತ ತಾನಾಗಿ ನೆರೆಹೊರೆಯನ್ನು ಒಡೆಯುವುದಿಲ್ಲ.

ಒಡೆಯುವುದು ಹೆಚ್ಚಾಗಿ ಆಸ್ತಿ. 1843ರಲ್ಲಿ ಸ್ಕಾಟ್ಲೆಂಡ್ ಸಭೆ ಒಡೆದು ಸ್ವತಂತ್ರ ಸಭೆ ಬೇರೆಯಾದಾಗ ಭಾರತದಲ್ಲಿದ್ದ ಸ್ಕಾಟಿಷ್ ಮಿಶನರಿಗಳು ಅದರ ಪಕ್ಷ ವಹಿಸಿದರು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್, ಮುಂಬಯಿಯಲ್ಲಿ ಜಾನ್ ವಿಲ್ಸನ್ ತಾವು ಕಟ್ಟಿದ ಶಾಲಾ ಕಟ್ಟಡಗಳನ್ನೇ ಬಿಟ್ಟು ಹೊರಬಂದರು. ಅದೇ ಸ್ವತಂತ್ರ ಸಭೆ 1900ರಲ್ಲಿ ಇನ್ನೊಂದು ಪ್ರೆಸ್ಬಿಟೇರಿಯನ್ ಸಭೆಯೊಡನೆ ವಿಲೀನವಾದಾಗ, ವಿಲೀನವನ್ನು ಒಪ್ಪದ ಸಣ್ಣ ಗುಂಪೊಂದು ನ್ಯಾಯಾಲಯಕ್ಕೆ ಹೋಯಿತು. ಮೂಲ ಸಿದ್ಧಾಂತಕ್ಕೆ ಅಂಟಿಕೊಂಡವರೇ ಆಸ್ತಿಯ ನಿಜವಾದ ಒಡೆಯರು ಎಂದು ಬ್ರಿಟನ್ನಿನ ಲಾರ್ಡ್ಸ್ ಸಭೆ 1904ರಲ್ಲಿ ತೀರ್ಪು ಕೊಟ್ಟು, ಬಹುಸಂಖ್ಯಾತರ ದೇವಾಲಯ, ಕಾಲೇಜು, ನಿಧಿಗಳನ್ನೆಲ್ಲ ಆ ಕೆಲವರ ಹೆಸರಿಗೆ ಬರೆದುಬಿಟ್ಟಿತು. ಅದನ್ನು ಸರಿಪಡಿಸಲು ಮರುವರ್ಷ ಸಂಸತ್ತೇ ಕಾನೂನು ಮಾಡಿ ಆಸ್ತಿ ಹಂಚಬೇಕಾಯಿತು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ 2011ರಲ್ಲಿ ಸಲಿಂಗಾನುರಾಗಿಗಳಿಗೂ ದೀಕ್ಷೆಯ ಬಾಗಿಲು ತೆರೆದ ಮೇಲೆ ಹೊರನಡೆದ ಸಭೆಗಳಲ್ಲೂ ವಾದ ಬೇಗನೆ ಸತ್ಯವೇದದ ವ್ಯಾಖ್ಯಾನದಿಂದ ಕಟ್ಟಡದ ಕಾಗದಪತ್ರಗಳತ್ತ ಹೊರಳಿತು.

ಮುಂಬಯಿ ಕರ್ನಾಟಕದ ಸಭೆಗಳ ಕಥೆ ಬೇರೆ ದಾರಿ ಹಿಡಿದದ್ದು ಈ ಹಿನ್ನೆಲೆಯಲ್ಲಿ ದೊಡ್ಡದಾಗಿ ಕಾಣುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತರಚನೆಯಿಂದ ಉತ್ತರ ಕನ್ನಡವೂ ಧಾರವಾಡವೂ ಮೈಸೂರು ರಾಜ್ಯಕ್ಕೆ ಸೇರಿ, ಭಟ್ಕಳದ ಅಂಚಿನ ಪ್ರಾಂತಗಡಿ ಅಳಿಸಿಹೋಯಿತು. ಸಭೆಗಳ ನಡುವಿನ ಗೆರೆ ಆಗಲೂ ಅಳಿಯಲಿಲ್ಲ. ಅದು ಹೋಗಲು ಇನ್ನೂ 12 ವರ್ಷ ಬೇಕಾದವು. 1968ರಲ್ಲಿ, ಒಕ್ಕೂಟವಾಗಿ 21 ವರ್ಷಗಳಾದ ಮೇಲೆ, ಆ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. 1947ರಲ್ಲೇ ಬಹುಮತದ ಬಲದಿಂದ ಅವರನ್ನು ಎಳೆದುಕೊಂಡಿದ್ದರೆ ಸಿಗುತ್ತಿದ್ದದ್ದು ಕಟ್ಟಡಗಳ ಬೀಗದ ಕೈ ಮಾತ್ರ. ಮುಂದೆ ಮೈಸೂರು ಡಯಾಸಿಸ್ ಒಡೆದು, ಧಾರವಾಡ ಕೇಂದ್ರವಾದ ಉತ್ತರ, ಮಂಗಳೂರು ಕೇಂದ್ರವಾದ ದಕ್ಷಿಣ, ಬೆಂಗಳೂರು ಕೇಂದ್ರವಾದ ಮಧ್ಯ ಎಂಬ ಮೂರು ಕರ್ನಾಟಕ ಡಯಾಸಿಸ್‌ಗಳಾದವು. ಬಾಸೆಲ್ ಮಿಶನ್ನಿನ ಎರಡು ಹಳೆಯ ನೆಲೆಗಳು ಒಂದೇ ಸಭೆಯ ಒಳಗೆ ಎರಡು ಬಿಷಪ್ ಪೀಠಗಳಾದವು.

ಕಾಯುವ ತಾಳ್ಮೆಯ ಫಲ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆಂದು ಮೊದಲೇ ಹೇಳಲಾಗದು. 1947ರಲ್ಲಿ ಬಿಷಪ್ ಪರಂಪರೆಯ ಶುದ್ಧಿಗೆ ಧಕ್ಕೆಯಾಗುತ್ತದೆಂದು ಹೊರಗುಳಿದಿದ್ದ ನಂದ್ಯಾಲವೂ 1970ರ ದಶಕದಲ್ಲಿ ಒಕ್ಕೂಟಕ್ಕೆ ಬಂತು. 2013ರಲ್ಲಿ ದಕ್ಷಿಣ ಭಾರತ ಸಭೆ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು, ಇ. ಪುಷ್ಪಲಲಿತಾ ಅವರನ್ನು, ಬಿಷಪ್ ಆಗಿ ಅಭಿಷೇಕಿಸಿದಾಗ ಅವರಿಗೆ ಒಪ್ಪಿಸಿದ್ದು ಅದೇ ನಂದ್ಯಾಲದ ಪೀಠವನ್ನು.