ಅಡ್ಡಹೆಸರು

ಮಕ್ಕಳೇ, ನಿಮ್ಮ ತರಗತಿಯಲ್ಲಿ ಅಡ್ಡಹೆಸರು ಇರುವವರು ಎಷ್ಟು ಮಂದಿ? ಗುಂಡ, ಕಡ್ಡಿ, ಸೋಡಾಬುಡ್ಡಿ ಎಂಬ ಹೆಸರುಗಳು ಎಲ್ಲ ಶಾಲೆಗಳಲ್ಲಿಯೂ ಇರುತ್ತವೆ. "ತಮಾಷೆಗೆ ಕರೆಯುತ್ತೇವೆ ಸಾರ್" ಎಂದು ನೀವು ಹೇಳಬಹುದು. ಕರೆಸಿಕೊಳ್ಳುವವನಿಗೂ ಅದು ತಮಾಷೆಯೇ?

ನಮ್ಮ ಹೊಸೂರು ಬೆಳೆಯುತ್ತಿರುವ ಊರು. ಇಲ್ಲಿನ ಕಾರ್ಖಾನೆಗಳಿಗೆ, ಕಟ್ಟಡದ ಕೆಲಸಕ್ಕೆ ದೂರದ ಊರುಗಳಿಂದ ಜನ ಬರುತ್ತಾರೆ. ಅವರೊಡನೆ ಮಕ್ಕಳೂ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಐದನೆಯ ತರಗತಿಗೆ ಯಾದಗಿರಿ ಕಡೆಯ ಹುಡುಗನೊಬ್ಬನು ಸೇರಿದನು. ಮೊದಲ ದಿನವೇ ಎದ್ದು ನಿಂತು, "ನೀರು ಕುಡೀಲಾಕ ಹೋಗ್ಲೇನ್ರಿ ಸರ?" ಎಂದು ಕೇಳಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೂ ನಗು ಬಂದಿತು, ಅದನ್ನು ಮರೆಮಾಚುವುದಿಲ್ಲ. ಅಂದಿನಿಂದ ಅವನ ಹೆಸರು 'ಹೋಗ್ಲೇನ್ರಿ' ಎಂದಾಯಿತು.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ಅವನ ಊರಿನ ಕನ್ನಡ. ನಮ್ಮ ಕನ್ನಡದಲ್ಲಿ ತಮಿಳು, ತೆಲುಗು ಪದಗಳು ಎಷ್ಟೊಂದು ಬೆರೆತಿವೆ! ನಾವು ಯಾದಗಿರಿಗೆ ಹೋಗಿ ಬಾಯಿ ತೆರೆದರೆ ಅಲ್ಲಿಯ ಮಕ್ಕಳೂ ನಗಬಹುದು.

ಆ ಹುಡುಗನು ಅಳಲಿಲ್ಲ, ಜಗಳವಾಡಲಿಲ್ಲ. ಆದುದರಿಂದ ನಾನು ಗಮನಿಸಲಿಲ್ಲ. ಮೊದಲು ಅವನು ನೀರು ಕುಡಿಯಲು ಹೋಗುವುದನ್ನು ನಿಲ್ಲಿಸಿದನು. ಹೋಗಬೇಕಾದರೆ ಕೇಳಬೇಕಲ್ಲ! ಆಮೇಲೆ ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಸೋಮವಾರ ಬಂದರೆ ಹೊಟ್ಟೆನೋವು. ಲೆಕ್ಕದಲ್ಲಿ ಚುರುಕಾಗಿದ್ದವನು ದಡ್ಡನೆನಿಸಿಕೊಂಡನು. ಒಂದು ದಿನ ಮಧ್ಯಾಹ್ನದ ಊಟದ ಸಾಲಿನಲ್ಲಿ ಎರಡನೆಯ ತರಗತಿಯ ಪುಟ್ಟ ಹುಡುಗನನ್ನು "ಏ ಕುಳ್ಳ" ಎಂದು ತಳ್ಳಿಬಿಟ್ಟನು. ಎಲ್ಲರೂ ಅವನನ್ನು ಬೈದರು. ನಾನೂ ಬೈದೆನು. ಒಳಗೆ ಕುಳಿತ ನೋವು ಹೊಟ್ಟೆನೋವಾಗಿಯೂ ಬರುತ್ತದೆ, ಸಿಟ್ಟಾಗಿಯೂ ಬರುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವನ ತಾಯಿ ಕೆಲಸ ಬಿಟ್ಟು ಶಾಲೆಗೆ ಬಂದು, "ಮಗ ಮನ್ಯಾಗ ಮಾತೇ ಆಡವಲ್ಲ ಸರ" ಎಂದಾಗಲೇ ತಿಳಿಯಿತು.

ಡಾನ್ ಓಲ್ವೇಯಸ್ ಎಂಬ ವಿದ್ವಾಂಸರು ಶಾಲೆಗಳಲ್ಲಿ ನಡೆಯುವ ಇಂತಹ ಕಾಟವನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದರು. ಸಮಬಲದ ಇಬ್ಬರು ಒಮ್ಮೆ ಜಗಳವಾಡುವುದು ಬೇರೆ, ಎದುರು ನಿಲ್ಲಲಾರದವನನ್ನು ಮತ್ತೆ ಮತ್ತೆ ನೋಯಿಸುವುದು ಬೇರೆ ಎಂದು ಅವರು ತೋರಿಸಿದರು. 1983ರಲ್ಲಿ ನಾರ್ವೆ ದೇಶದ ಶಾಲೆಗಳಲ್ಲಿ ಇದನ್ನು ತಡೆಯುವ ಕೆಲಸ ಆರಂಭವಾಯಿತು. ಬರ್ಗೆನ್ ನಗರದ 42 ಶಾಲೆಗಳಲ್ಲಿ ಎರಡು ವರ್ಷಗಳಲ್ಲಿ ಕಾಟವು ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿ ಬೆತ್ತ ಹಿಡಿಯಲಿಲ್ಲ. ಶಿಕ್ಷಕರು ಆಟದ ಬಯಲಿನ ಮೇಲೆ ಕಣ್ಣಿಟ್ಟರು. ತರಗತಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಈ ವಿಷಯವನ್ನು ಮಾತನಾಡಿದರು.

ಎಲ್ಲರೊಡನೆ ಏಕೆ ಮಾತನಾಡಬೇಕು? ನಮ್ಮ ತರಗತಿಯಲ್ಲಿ ಆ ಹೆಸರನ್ನು ಇಟ್ಟವನು ಒಬ್ಬನೇ. ನಕ್ಕವರು ಮೂವತ್ತು ಮಂದಿ. ನಾವು ಯಾರೂ ನಗದಿದ್ದರೆ ಆ ಹೆಸರು ಅಂದಿನ ಸಂಜೆಯವರೆಗೂ ಉಳಿಯುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಹೆಸರಿಟ್ಟವನಿಗಿಂತ ನಕ್ಕವರ ಪಾಲೇ ಹೆಚ್ಚು.

"ಸಾರ್‌ಗೆ ಹೇಳಿದರೆ ಚಾಡಿಕೋರ ಎನ್ನುತ್ತಾರೆ" ಎಂದು ನಿಮ್ಮಲ್ಲಿ ಹಲವರು ಹೆದರುತ್ತೀರಿ. ಒಬ್ಬನಿಗೆ ಏಟು ಬೀಳಲಿ ಎಂದು ಹೇಳುವುದು ಚಾಡಿ. ಒಬ್ಬನಿಗೆ ಆಗುತ್ತಿರುವ ನೋವು ನಿಲ್ಲಲಿ ಎಂದು ಹೇಳುವುದು ಚಾಡಿಯಲ್ಲ. ಶಿಕ್ಷಕರಿಗೆ ಹೇಳಿ, ಮನೆಯಲ್ಲಿ ಹೇಳಿ. ಯಾರೂ ಕೇಳದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ; ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆ ಹುಡುಗನ ತಂದೆ ತಾಯಿಯರು ಕಟ್ಟುತ್ತಿದ್ದ ಮನೆಯ ಕೆಲಸ ಮುಗಿಯಿತು. ಸಂಕ್ರಾಂತಿಯ ರಜೆಯ ಬಳಿಕ ಅವನು ಶಾಲೆಗೆ ಬರಲಿಲ್ಲ. ಅವನಿಗೆ ಒಂದು ಕಾಗದ ಬರೆಯೋಣ ಎಂದು ತರಗತಿಯಲ್ಲಿ ಹೇಳಿದೆನು. ಮಕ್ಕಳು ಉತ್ಸಾಹದಿಂದ ಹಾಳೆ ತೆಗೆದರು. ಮೊದಲ ಸಾಲಿನ ಹುಡುಗನೊಬ್ಬನು 'ಪ್ರಿಯ' ಎಂದು ಬರೆದು, ಪೆನ್ಸಿಲನ್ನು ಹಾಗೆಯೇ ಹಿಡಿದು ಪಕ್ಕದವನನ್ನು ನೋಡಿದನು.

"ಅವನ ನಿಜವಾದ ಹೆಸರು ಏನೋ?"

ಪಕ್ಕದವನಿಗೂ ಗೊತ್ತಿರಲಿಲ್ಲ.