‘ದೊಡ್ಡವಳಾದಳು’ ಅಂದರೆ ಮದುವೆಗೆ ಬಂದಳು ಅಂತಲ್ಲ



ಹುಡುಗಿ ಮೈನೆರೆದ ಕೂಡಲೇ ‘ದೊಡ್ಡವಳಾದಳು’ ಅಂತಾರೆ, ಗಂಡು ಹುಡುಕೋಕೆ ಶುರು ಮಾಡ್ತಾರೆ. ಆದರೆ ಆಗಿನ್ನೂ ಅವಳ ಸೊಂಟದ ಮೂಳೆ ಪೂರ್ತಿ ಬೆಳೆದಿರುವುದಿಲ್ಲ. ಹೆರಿಗೆಯಲ್ಲಿ ಮಗು ಸಿಕ್ಕಿಕೊಂಡರೆ ಇಬ್ಬರ ಜೀವಕ್ಕೂ ಅಪಾಯ. ಬೆಳೆಯುವ ಹುಡುಗಿಗೇ ರಕ್ತ ಸಾಲದಿರುವಾಗ ಹೊಟ್ಟೆಯ ಕೂಸಿಗೆ ಎಲ್ಲಿಂದ ಬಂದೀತು? ಕೂಸು 2.5 ಕಿಲೋ ಕೂಡ ತೂಗದೆ ಹುಟ್ಟಬಹುದು.

ಎಳೆಗರುವಿನ ಹೆಗಲಿಗೆ ಯಾರೂ ನೊಗ ಇಡಲ್ಲ. ಮಗಳಿಗೆ ಮಾತ್ರ ಯಾಕೆ?

ಹುಡುಗಿಗೆ 18 ತುಂಬಬೇಕೆಂದು ಕಾನೂನಿದೆ. ನಮ್ಮ ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಮದುವೆಯೇ ಅಲ್ಲ. ತಡೆಯಲು 1098ಕ್ಕೆ ಫೋನ್ ಮಾಡಬಹುದು.

ಏಳನೇ ತರಗತಿ ಮುಗಿದರೆ ನಮ್ಮೂರಲ್ಲಿ ಮುಂದಿನ ಶಾಲೆಯಿಲ್ಲ. ಆಗ ಯಾರ ಮನೆಯಲ್ಲಾದರೂ ಮದುವೆ ಮಾತು ಬಂದರೆ, ಗುರುಗಳೇ, ನೀವೇ ಬಂದು ಹೇಳಿ. ದೊಡ್ಡವರು ನಮ್ಮ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ.