ಕಲಿಕೆಯ ಖರ್ಚಿಗೆ ಎರಡು ಲೆಕ್ಕ ಯಾಕೆ?

ಬಿಇ ಒಂದೇ ಸಾಲದು, ಕ್ಲೌಡ್ ಕಲಿ, ಡೇಟಾ ಸೈನ್ಸ್ ಕಲಿ ಎಂಬ ಉಪದೇಶ ನಮಗೆ ದಿನವೂ ಸಿಗುತ್ತದೆ. ಕೋರ್ಸ್ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ. ಇಷ್ಟು ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಏನಾದರೂ ವಿನಾಯಿತಿ ಉಂಟೇ?

ಅದು ನೀವು ಯಾರು ಎಂಬುದರ ಮೇಲೆ ನಿಂತಿದೆ. ಫ್ರೀಲ್ಯಾನ್ಸ್ ಆಗಿ ವೆಬ್‌ಸೈಟ್ ಮಾಡಿಕೊಡುವವರು, ಈಗ ಮಾಡುತ್ತಿರುವ ಕೆಲಸಕ್ಕೇ ಬೇಕಾದ ತರಬೇತಿಯ ಶುಲ್ಕವನ್ನು ಇಂಟರ್‌ನೆಟ್ ಬಿಲ್ಲಿನ ಹಾಗೆ ವೃತ್ತಿಯ ಖರ್ಚೆಂದು ಕಳೆಯಬಹುದು. ರಸೀದಿ ಇರಬೇಕು, ಖರ್ಚು ಪೂರ್ತಿ ವೃತ್ತಿಗಾಗಿಯೇ ಆಗಿರಬೇಕು. ಗಿಟಾರ್ ಕ್ಲಾಸ್ ನಡೆಯದು! ಲೆಕ್ಕಪುಸ್ತಕದ ರಗಳೆ ಬೇಡವೆಂದು ಅಂದಾಜು ಲಾಭದ ನಿಯಮದಡಿ ಗಳಿಕೆಯ ಶೇ 50ರಷ್ಟನ್ನು ಲಾಭವೆಂದು ತೋರಿಸಿದವರು ಮಾತ್ರ ಅದನ್ನು ಬೇರೆಯಾಗಿ ಕಳೆಯುವಂತಿಲ್ಲ. ಉಳಿದ ಅರ್ಧದಲ್ಲಿ ಎಲ್ಲ ಖರ್ಚೂ ಸೇರಿತು.

ಅದೇ ಕೋರ್ಸನ್ನು ಸಂಬಳದಾರ ಸ್ವಂತ ದುಡ್ಡಿನಲ್ಲಿ ಮಾಡಿದರೆ? ಹೊಸ ಪದ್ಧತಿಯಲ್ಲಿ 75 ಸಾವಿರ ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, ಕಲಿತರೂ ಅಷ್ಟೇ, ಕಲಿಯದಿದ್ದರೂ ಅಷ್ಟೇ. ಹಳೆ ಪದ್ಧತಿಯಲ್ಲಿ ಶುಲ್ಕದ ವಿನಾಯಿತಿ ಇರುವುದು ಮಕ್ಕಳ ಓದಿಗೆ. ಅಲ್ಲಿ ಬ್ಯಾಂಕ್ ಸಾಲ ಮಾಡಿ ಉನ್ನತ ಶಿಕ್ಷಣ ಪಡೆದರೆ ಬಡ್ಡಿಗೆ ವಿನಾಯಿತಿ ಇದೆ. ಕೂಡಿಟ್ಟ ಹಣದಲ್ಲಿ ಓದಿದವರಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ ಎನ್ನಬಹುದು. ಹೊಸಬರಾದ ನಮ್ಮ ಮಟ್ಟಿಗೆ ಸರಿ. ಆದರೆ ಕೆಲಸ ಉಳಿಸಿಕೊಳ್ಳಲು ನಡುವಯಸ್ಸಿನಲ್ಲಿ ಮತ್ತೆ ಕಲಿಯಲು ಕೂರುವ ಹಿರಿಯ ಎಂಜಿನಿಯರ್‌ಗಳ ಸಂಬಳ ಎಷ್ಟೋ ಕಡೆ ಅದನ್ನು ದಾಟಿರುತ್ತದೆ. ರಸೀದಿ ತೋರಿಸಿದರೆ ಅವರಿಗೂ ವರ್ಷಕ್ಕೆ ಒಂದು ಮಿತಿಯವರೆಗೆ ವಿನಾಯಿತಿ ಕೊಡಲಿ.